ಇಳಿಸದೆ ಬಿಟ್ಟ ಹಲಸು

ನಮ್ಮ ಬ್ಲಾಗ್ ಗೆಳೆಯರ ಬಳಗದಲ್ಲಿ ಒಂದು ಆಟವಿತ್ತು. ಪ್ರತಿ ಭಾನುವಾರ ಒಬ್ಬರು ಒಂದು ಪ್ರಶ್ನೆ ಹಾಕಬೇಕು. ನಿಮಗೆ ತುಂಬ ಇಷ್ಟವಾದ ವಾಸನೆ ಯಾವುದು? ದಾರಿ ಯಾವುದು? ಮರ ಯಾವುದು? ಉಳಿದವರು ತಮ್ಮ ತಮ್ಮ ಬ್ಲಾಗಿನಲ್ಲಿ ಉತ್ತರ ಬರೆಯಬೇಕು. ನಿಯಮ ಒಂದೇ: ಇಷ್ಟವಾದದ್ದನ್ನು ಮಾತ್ರ ಬರೆಯುವುದು. ಗೋಳು, ದೂರು, ಭಯ ಇಲ್ಲಿ ಬೇಡ. ಒಬ್ಬರ ಮುಖ ಒಬ್ಬರು ನೋಡದ ನಾವು ಹೀಗೇ ಹತ್ತಿರವಾದೆವು. ಒಬ್ಬರಿಗೆ ಸೀಮೆಎಣ್ಣೆ ವಾಸನೆ ಇಷ್ಟ, ಇನ್ನೊಬ್ಬರಿಗೆ ಬಸ್ಸಿನ ಕೊನೆಯ ಸೀಟು. ಇಷ್ಟು ತಿಳಿದರೆ ಮನುಷ್ಯರನ್ನು ತಿಳಿದಂತೆಯೇ ಎಂದು ನಾನು ನಂಬಿದ್ದೆ.

ಅವರಲ್ಲಿ ಒಬ್ಬಳು ದಾವಣಗೆರೆ ಕಡೆಯ ಶಾಲಾ ಟೀಚರ್. ನನ್ನನ್ನು ಅಕ್ಕ ಎನ್ನುತ್ತಿದ್ದಳು. ನಾನು ಬರೆದದ್ದನ್ನೆಲ್ಲ ಓದುವವಳು, ಓದಿದ್ದನ್ನು ಮರೆಯದವಳು. ನಮ್ಮ ತೋಟ ಸೋಮವಾರಪೇಟೆಯಿಂದ ಶನಿವಾರಸಂತೆಗೆ ಹೋಗುವ ಕಡೆ ಇದೆ. ಇಷ್ಟವಾದ ದಾರಿಯ ಪ್ರಶ್ನೆ ಬಂದಾಗ ನಾನು ರಸ್ತೆಯ ಬದಿಯ ಬೇಲಿಯ ಗಂಡಿಯಿಂದ ಶುರು ಮಾಡಿ, ಹಳ್ಳದ ಮೇಲಿನ ಮರದ ಸಂಕ ದಾಟಿ, ಕಾಫಿ ಗಿಡಗಳ ನಡುವೆ ನಡೆದು ಚಂದ್ರಹಲಸಿನ ಮರ ಮುಟ್ಟುವ ತನಕ ಬರೆದೆ. ಇಷ್ಟವಾದ ಮರವೂ ಅದೇ. ಕೆಂಡದ ಬಣ್ಣದ ತೊಳೆ, ಬೆಳಗಿನ ಇಬ್ಬನಿಯಲ್ಲಿ ಹಣ್ಣಿನ ಘಮ. ಅದನ್ನು ಓದಿ ಅವಳು ‘ಅಕ್ಕಾ, ನಿಮ್ಮ ತೋಟದಾಗ ಕಣ್ಣು ಕಟ್ಟಿ ಬಿಟ್ಟರೂ ನಡೀತೀನಿ’ ಎಂದು ಬರೆದಳು. ನಾನು ಹಿಗ್ಗಿ ಹೀರೇಕಾಯಿ ಆದೆ.

ಆನೆಯ ಸುದ್ದಿ ಮಾತ್ರ ಎಲ್ಲೂ ಬರೆದಿರಲಿಲ್ಲ. ಮುಚ್ಚಿಟ್ಟದ್ದಲ್ಲ. ನಮ್ಮ ಕಡೆ ಅದನ್ನು ಯಾರು ಬರೆಯುತ್ತಾರೆ? ಮನೆಗೆ ಬಾಗಿಲಿದೆ ಎಂದು ಯಾರಾದರೂ ಬರೆಯುತ್ತಾರೆಯೆ?

ಹಲಸು ಹಣ್ಣಾಗುವ ಮೊದಲೇ ನಮ್ಮ ಸುತ್ತಿನ ತೋಟದವರು ಕಾಯಿಗಳನ್ನೆಲ್ಲ ಇಳಿಸಿಬಿಡುತ್ತಾರೆ. ಬುಡದಲ್ಲಿ ಒಂದು ಹಣ್ಣು ಒಡೆದರೂ ಸಾಕು, ಎಷ್ಟು ದೂರದಿಂದಲಾದರೂ ಆನೆ ವಾಸನೆ ಹಿಡಿದು ಬರುತ್ತದೆ. ಆ ವರ್ಷ ನಾನೊಬ್ಬಳು ಹಟ ಹಿಡಿದೆ. ಬೇಸಿಗೆ ರಜೆಯಲ್ಲಿ ಟೀಚರ್ ನಮ್ಮ ಮನೆಗೆ ಬರುವವಳಿದ್ದಳು; ‘ಆ ಮರದ ಹಣ್ಣು ನನಗ ಇಟ್ಟಿರ್ರಿ’ ಎಂದಿದ್ದಳು. ನಮ್ಮ ತೋಟದ ರೈಟರ್, ಎಂದರೆ ಆಳುಗಳ ಹಾಜರಿಯಿಂದ ಹಿಡಿದು ಎಲ್ಲವನ್ನೂ ನೋಡಿಕೊಳ್ಳುವ ಹಿರಿಯರು, ದಿನಾ ಬಂದು ಗೊಣಗುತ್ತಿದ್ದರು.

“ಅದೊಂದ್ ಮರನೂ ಇಳ್ಸ್‌ಬುಡಾನ ಕಣಮ್ಮ. ಒಂಟಿ ಸಲಗ ಈ ಕಡೆ ತಿರುಗ್ತಾವ್ನೆ.”

“ಇನ್ನು ನಾಲ್ಕು ದಿನ. ನೆಂಟರು ತಿಂದು ಹೋಗ್ಲಿ.”

“ನೆಂಟ್ರಿಗಿಂತ ಮುಂಚೆ ಅವ್ನು ಬಂದ್ರೆ?”

“ನಿಮ್ಮದೊಂದು ಅಪಶಕುನದ ಬಾಯಿ,” ಎಂದು ನಾನು ರೇಗಿದೆ. ಮಾರನೆಯ ದಿನವೇ ಕೆರೆ ಏರಿಯ ಮೇಲೆ ಬಿಸಿ ಲದ್ದಿ ಬಿದ್ದಿತ್ತು. ಅದರ ಮಾರನೆಯ ದಿನ ತಂತಿ ಬೇಲಿಯ ಕಂಬ ಮಲಗಿತ್ತು. ಮರದಲ್ಲಿ ಹಣ್ಣಿನ ವಾಸನೆ ಏಳತೊಡಗಿತು. ರಾತ್ರಿ ನಾನೂ ಎದ್ದೆದ್ದು ಕಿವಿಗೊಡುತ್ತಿದ್ದೆ. ಆದರೂ ಬಳಗದವರೆಲ್ಲ ‘ನಮ್ಮ ಪಾಲಿಗೂ ಒಂದು ತೊಳೆ’ ಎಂದು ಬರೆಯುತ್ತಿರುವಾಗ ಮರ ಬೋಳಿಸಿದೆ ಎನ್ನಲು ಮನಸ್ಸು ಬರಲಿಲ್ಲ.

ಅವಳು ಬರಬೇಕಾದದ್ದು ಗುರುವಾರ. ಬುಧವಾರ ಬೆಳಿಗ್ಗೆ ಒಲೆಯ ಮೇಲೆ ಕಾಫಿಗೆ ನೀರಿಟ್ಟಿದ್ದೆ. ರೈಟರ್ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಮುಖದಲ್ಲಿ ರಕ್ತವಿರಲಿಲ್ಲ.

“ಅಮ್ಮಾ, ರಾತ್ರಿ ಬಂದವ್ನು ವಾಪಸ್ ಹೋಗಿಲ್ಲ. ಹಲಸಿನ ಮರದ್ ಹತ್ರನೇ ಅವ್ನೆ. ಆಳುಗಳ್ನ ಲೈನ್ ಮನೇಲೇ ಕೂರ್ಸಿ ಬಂದೆ. ನೀವೂ ಹೊರಕ್ಕೆ ಬರ್ಬೇಡಿ.”

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅವಳೇ. ಪಿಸುದನಿಯಲ್ಲಿ ನಗುತ್ತಿದ್ದಳು.

“ಅಕ್ಕಾ, ನಾನು ಎಲ್ಲಿದೀನಿ ಹೇಳ್ರಿ ನೋಡಾಣ?”

“ಎಲ್ಲಿದೀಯೆ?”

“ಮೊದಲನೇ ಬಸ್ಸಿಗೆ ಬಂದೆ. ಗಂಡಿ ಸಿಕ್ತು, ಸಂಕ ಸಿಕ್ತು. ಈಗ ನಿಮ್ಮ ಮರದ ಕೆಳಗ! ಏನ್ ಘಮ ರೀ ಇದು! ನೀವು ಬರ್ದಿದ್ದು ಏನೇನೂ ಅಲ್ಲ.”

“ಮಾತಾಡ್ಬೇಡ. ಬಂದ ದಾರೀಲೇ ವಾಪಸ್ ನಡಿ. ಓಡ್ಬೇಡ. ನಡಿ.”

“ಅಯ್ಯ, ಹೇಳದೆ ಬಂದೆ ಅಂತ ಸಿಟ್ಟಾ? ತಡೀರಿ, ಇಲ್ಲಿ ಸದ್ದು ಎಷ್ಟು ಚೆಂದ ಐತಿ, ಒಂಚೂರು ರೆಕಾರ್ಡ್ ಮಾಡ್ಕೊಂಡು ಬಂದೆ,” ಎಂದವಳೇ ಕರೆ ಕತ್ತರಿಸಿದಳು.

ಮತ್ತೆ ಕರೆ ಮಾಡಲು ಹೋದೆ. ರೈಟರ್ ನನ್ನ ಕೈ ಹಿಡಿದರು. “ಬೇಡಿ. ಅಲ್ಲಿ ಫೋನ್ ರಿಂಗಾದ್ರೆ ಮುಗೀತು.” ಪಟಾಕಿ ಹೊಡೆಯುವಂತೆಯೂ ಇರಲಿಲ್ಲ, ಬೆದರಿದ ಆನೆ ಎತ್ತ ನುಗ್ಗುತ್ತದೆ ಎಂದು ಯಾರು ಬಲ್ಲರು? ಇಬ್ಬರೂ ಬಾಯಿ ಮುಚ್ಚಿಕೊಂಡು ಹಳ್ಳದ ಕಡೆ ನಡೆದೆವು. ನಾನು ಹುಟ್ಟಿದ ಮೇಲೆ ಅಷ್ಟು ಹೆದರಿದ್ದಿಲ್ಲ. ಅವಳಿಗೆ ಏನಾದರೂ ಆದರೆ ಅವಳ ಮನೆಯವರಿಗೆ ಏನೆಂದು ಹೇಳಲಿ? ಅವಳ ಮನೆಯವರು ಯಾರೆಂದೇ ನನಗೆ ಗೊತ್ತಿರಲಿಲ್ಲ. ಮಳೆ ನಿಂತ ಮೇಲಿನ ಮಣ್ಣಿನ ವಾಸನೆ ಅವಳಿಗೆ ಇಷ್ಟ, ಹುರಿಗಡಲೆ ಇಷ್ಟ, ಸೀಮೆಸುಣ್ಣದ ನೀಲಿ ಬಣ್ಣ ಇಷ್ಟ. ನನಗೆ ತಿಳಿದಿದ್ದದ್ದು ಅಷ್ಟೇ.

ಸಂಕದ ಹತ್ತಿರ ಹೋಗುವಾಗ ಎದುರಿಗೆ ಬಂದಳು. ಹೆಗಲಿಗೆ ಚೀಲ, ಬೆರಳಿಗೆ ಹಲಸಿನ ಅಂಟು, ಮುಖದ ತುಂಬ ನಗು. ಫೋಟೋ ಕೂಡ ನೋಡಿರದ ನಾನು ಅವಳನ್ನು ಗುರುತು ಹಿಡಿದು, ರಟ್ಟೆ ಹಿಡಿದು ಎಳೆದುಕೊಂಡು ನಡೆದೆ. ಹಿಂದೆ ಎಲ್ಲೋ ಕೊಂಬೆ ಲಟಕ್ಕೆಂದು ಮುರಿಯಿತು. ರೈಟರ್ ತಿರುಗಿ ನೋಡಲಿಲ್ಲ, ನಮ್ಮನ್ನೂ ನೋಡಗೊಡಲಿಲ್ಲ.

ಮನೆಯ ಬಾಗಿಲು ಹಾಕಿದ ಮೇಲೆ ಅವಳನ್ನು ತಬ್ಬಿಕೊಂಡು ಗಳಗಳ ಅತ್ತೆ. ಅತ್ತದ್ದು ಮುಗಿದ ಮೇಲೆ ಬೈದೆ. “ಬುದ್ಧಿಗಿದ್ಧಿ ಇದೆಯೇನೆ ನಿಂಗೆ? ಹೇಳದೆ ಕೇಳದೆ ಕಾಡು ತೋಟಕ್ಕೆ ನುಗ್ತಾರೆಯೆ? ಆನೆ ಇತ್ತು ಕಣೆ ಅಲ್ಲಿ!”

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. “ಆನೆ ಅಂತ ನೀವು ಎಲ್ಲೂ ಬರ್ದೇ ಇಲ್ಲಲ್ಲಕ್ಕಾ. ನಾನು ಎಲ್ಲಾ ಓದೀನಿ.”

ಮಧ್ಯಾಹ್ನ ಆನೆ ಗುಡ್ಡ ಹತ್ತಿತೆಂಬ ಸುದ್ದಿ ಬಂದ ಮೇಲೆ ಉಳಿದ ಹಣ್ಣುಗಳನ್ನೆಲ್ಲ ಇಳಿಸಿದರು. ಅವಳು ಒಂದು ಡಬ್ಬಿ ತೊಳೆ ಕಟ್ಟಿಸಿಕೊಂಡು ಮಾರನೆಯ ದಿನ ಊರಿಗೆ ಹೋದಳು. ಕಣ್ಣಿಗೆ ಕಾಣದ ಆನೆಯನ್ನು ಅವಳು ಪೂರ್ತಿ ನಂಬಿದಂತೆ ಕಾಣಲಿಲ್ಲ.

ಆ ಭಾನುವಾರದ ಪ್ರಶ್ನೆ ಇಷ್ಟವಾದ ಸದ್ದಿನದು. ಅವಳು ನಮ್ಮ ತೋಟದಲ್ಲಿ ಹಿಡಿದ ಸದ್ದನ್ನೇ ಹಾಕಿದ್ದಳು. ‘ಅಕ್ಕನ ಮರದ ಕೆಳಗೆ ಹಕ್ಕಿಗಳು, ಎಲೆಯಿಂದ ಹನಿ, ದೂರದಲ್ಲಿ ಗುಡುಗು.’ ನಾನು ಹಚ್ಚಿ ಕೇಳಿದೆ. ಹಕ್ಕಿ ಕೂಗಿತು. ಹನಿ ಬಿತ್ತು. ಅವಳ ಉಸಿರು. ಆಮೇಲೆ ಗುಡುಗು, ಉದ್ದಕ್ಕೆ, ತಗ್ಗಿದ ದನಿಯಲ್ಲಿ.

ಆ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅದು ಆನೆಯ ಹೊಟ್ಟೆಯ ಸದ್ದು. ಅವಳ ಉಸಿರಿಗಿಂತ ಜೋರಾಗಿ ಕೇಳಬೇಕಾದರೆ ಎಷ್ಟು ಹತ್ತಿರ ನಿಂತಿರಬೇಕು ಎಂದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ತಡೆಯಲಾರದೆ ಅವಳಿಗೆ ಫೋನ್ ಮಾಡಿ ಹೇಳಿದೆ.

“ಹಂಗಾದ್ರೆ ಅದು ನನ್ನ ನೋಡ್ತಿತ್ತಾ ಅಕ್ಕಾ?”

“ನೋಡ್ತಿತ್ತು.”

ಪಾಪ, ಯಾರೂ ಹಾಗೆ ಬರಬಾರದೆಂದು ಅವಳು ಆ ಸತ್ಯವನ್ನೂ ಬ್ಲಾಗಿನಲ್ಲಿ ಬರೆದಳು. ಅಲ್ಲಿಗೆ ಕೆಟ್ಟಿತು. ಬಳಗದಾಚೆಯವರೆಲ್ಲ ಬಂದು ಕೇಳಿದರು. ‘ಮೈ ಜುಂ ಅಂತು!’ ‘ನನಗೆ ತುಂಬ ಇಷ್ಟವಾದ ಸದ್ದು ಇನ್ನು ಇದೇ!’ ‘ನಾವೂ ಹೋಗೋಣ, ದಾರಿ ಅಕ್ಕನ ಬ್ಲಾಗಲ್ಲೇ ಇದೆ.’ ನಾನು ದಾರಿಯ ಬರಹ ಅಳಿಸಿ ಹಾಕಿದೆ. ಅಳಿಸುವಷ್ಟರಲ್ಲಿ ಯಾರೋ ಅದರ ಚಿತ್ರ ತೆಗೆದು ಹಂಚಿದ್ದರು. ಬರಬೇಡಿ ಎಂದು ಬೇಡಿಕೊಂಡು ಬರೆದರೆ ಅದಕ್ಕೂ ಹೃದಯದ ಗುರುತು ಒತ್ತಿದರು.

ಈ ವರ್ಷ ಕಾಯಿ ಬೆರಳುದ್ದ ಇರುವಾಗಲೇ ಮರ ಬೋಳಿಸಿದ್ದೇವೆ. ಆದರೂ ಅವನು ಬರುತ್ತಾನೆ. ಮರದ ಕೆಳಗೆ ನಿಂತು, ಸೊಂಡಿಲೆತ್ತಿ ಹುಡುಕಿ, ಕಾಂಡಕ್ಕೆ ಮೈ ಉಜ್ಜಿ ಹೋಗುತ್ತಾನೆ. ನಿನ್ನೆಯಿಂದ ಅಲ್ಲೇ ಇದ್ದಾನೆಂದು ರೈಟರ್ ಹೇಳಿದ್ದರು.

ಆ ಬೇಲಿಯ ಗಂಡಿಯ ಹತ್ತಿರ ನಮ್ಮೂರಿನವರು ಯಾರೂ ಬಸ್ಸಿಳಿಯುವುದಿಲ್ಲ. ಇವತ್ತು ಬೆಳಿಗ್ಗೆ ಮೊದಲನೇ ಬಸ್ಸು ಅಲ್ಲಿ ನಿಂತ ಸದ್ದು ಕೇಳಿತು. ಬಾಗಿಲು ತೆರೆಯಿತು, ಯಾರೋ ನಾಲ್ಕೈದು ಜನ ನಕ್ಕರು, ಬಸ್ಸು ಹೊರಟುಹೋಯಿತು. ಒಲೆ ಆರಿಸದೆ, ಚಪ್ಪಲಿ ಮೆಟ್ಟದೆ ಓಡಿದೆ.