ರಾಮದುರ್ಗದ ಚಾಚಾ ನೋಡಿದ ನೀಲಿ

ಈಗ ಎಲ್ಲಕ್ಕೂ ಯಂತ್ರ ಬಂದಿದೆ. ಆಗ ಬೈಲಹೊಂಗಲದ ಲ್ಯಾಬಿನಲ್ಲಿ ರೋಗಿಗಳ ಗಡ್ಡೆಯ ಚೂರುಗಳನ್ನು ಗಾಜಿನ ಸ್ಲೈಡಿಗೆ ಅಂಟಿಸಿ, ಡಾಕ್ಟರು ಪರೀಕ್ಷಿಸಲೆಂದು ನಾನು ಕೈಯಿಂದಲೇ ಬಣ್ಣ ಹಾಕುತ್ತಿದ್ದೆ. ರಾಮದುರ್ಗದಲ್ಲಿ ನೂಲಿಗೆ ಬಣ್ಣ ಹಾಕುವ ಚಾಚಾ ಒಬ್ಬರು, ಹೆಂಡತಿಯ ದವಡೆಯ ಗಡ್ಡೆ ಕ್ಯಾನ್ಸರೋ ಏನೋ ಎಂದು ತಿಳಿಯಲು ಬಾಗಿಲಲ್ಲೇ ಕಾದಿದ್ದರು. ನಾನು ಸ್ಲೈಡನ್ನು ಬೆಳಕಿಗೆ ಹಿಡಿದೆ.

"ನೀಲಿ ಕುಂತಿಲ್ಲರಿ, ಇನ್ನೂ ಕೆಂಪ ಹೊಡಿಯಾಕ ಹತ್ತೇತಿ," ಅಂದರು ಚಾಚಾ. "ನೀರಾಗ ಎಷ್ಟೊತ್ತು ತೊಳದ್ರಿ?"

"ಗಡಿಯಾರ ನೋಡೂದಿಲ್ಲ ಚಾಚಾ. ನೂರಾಎಂಟು ಸಲ ಶಿವನಾಮ ಹೇಳತೇನಿ."

"ಹಂಗಾರ ಇವತ್ತ ಶಿವನ್ನ ಭಾಳ ಓಡಿಸೀರಿ."

ನಾಚಿಕೆಯಾಯಿತು. ನೀಲಿ, ಕೆಂಪು ಕಲಸಿಕೊಂಡಿದ್ದರೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಡಾಕ್ಟರಿಗೂ ಗುರುತು ಹತ್ತುವುದಿಲ್ಲ. ಇನ್ನೊಂದು ಸ್ಲೈಡು ಮಾಡಿ, ಒಂದೊಂದೇ ನಾಮ ಹೇಳುತ್ತ ತೊಳೆದೆ. ನೀಲಿ ತಿಳಿಯಾಗಿ ಎದ್ದಿತು.

ಡಾಕ್ಟರು ನೋಡಿ, "ಕ್ಯಾನ್ಸರ್ ಅಲ್ಲ, ಸಾದಾ ಗಡ್ಡಿ," ಎಂದರು. ಚಾಚಾ ನಿಂತಲ್ಲೇ ಕೈಯೆತ್ತಿ ದುವಾ ಮಾಡಿದರು.

ಅಷ್ಟು ನಿಧಾನವಾಗಿ ನಾನು ಮಠದಲ್ಲೂ ಜಪ ಮಾಡಿದವನಲ್ಲ.