ನವಿಲಿನ ಮೊಟ್ಟೆಗೆ ಕಾವು ಕೂತ ಕೋಳಿ

ಕಳೆದ ಜೂನ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ, ಹಿನಕಲ್‌ನ ನಮ್ಮ ಬಡಾವಣೆಯ ಖಾಲಿ ನಿವೇಶನವೊಂದರಲ್ಲಿ ಪೊದೆ ಸವರುತ್ತಿದ್ದ ಬುಲ್ಡೋಜರಿನ ಮುಂದಿನಿಂದ ಹೆಣ್ಣುನವಿಲೊಂದು ಹಾರಿಹೋಯಿತು. ಅದು ಕೂತಿದ್ದ ಜಾಗದಲ್ಲಿ ನಾಲ್ಕು ಮೊಟ್ಟೆಗಳಿದ್ದವು. ಸಂಜೆಯವರೆಗೂ ನವಿಲು ಮರಳಲಿಲ್ಲ.

ಮೂವತ್ತು ವರ್ಷ ಪತ್ರಿಕೆಗೆ ವರದಿ ಬರೆದವನಿಗೆ ಇಷ್ಟು ಸಾಕು. ಒಳಪುಟದ ಮೂಲೆಯಲ್ಲಿ ಈ ಮೂರು ವಾಕ್ಯಕ್ಕೆ ಜಾಗ ಸಿಗುತ್ತಿತ್ತು. ನಿವೃತ್ತನಾದ ಮೇಲೆ ಜಾಗಕ್ಕೆ ಕೊರತೆಯಿಲ್ಲ. ಆದ್ದರಿಂದ ಹಿನ್ನೆಲೆಯನ್ನೂ ಹೇಳಿಬಿಡುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಅಗ್ರಹಾರದಲ್ಲಿ. ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಪದವನ್ನೂ ದನಿ ತಗ್ಗಿಸಿಯೇ ಆಡುತ್ತಿದ್ದರು. ಹಿನಕಲ್‌ನಲ್ಲಿ ಮನೆ ಕಟ್ಟಿದ ಮೇಲೆ, ಪಕ್ಕದ ಮನೆಯ ಸಣ್ಣಮ್ಮನವರ ಕೋಳಿಗಳು ಕಾಂಪೌಂಡ್ ಹಾರಿ ಬಂದು ನಮ್ಮ ತುಳಸಿಕಟ್ಟೆಯ ಬುಡ ಕೆದಕತೊಡಗಿದವು. ಒಂದು ದಿನ ಹೇಟೆಯೊಂದು ನನ್ನ ಹಳೆಯ ಪತ್ರಿಕೆಗಳ ಕಟ್ಟಿನ ಮೇಲೆ ಮೊಟ್ಟೆಯಿಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿತು. ಅಷ್ಟು ಪ್ರಚಾರವನ್ನು ನಾನು ಮಂತ್ರಿಗಳ ಪತ್ರಿಕಾಗೋಷ್ಠಿಗಳಲ್ಲಿ ಮಾತ್ರ ಕಂಡಿದ್ದೆ. ವ್ಯತ್ಯಾಸವೆಂದರೆ, ಕೋಳಿಯ ಹೇಳಿಕೆ ಕೆಲಸ ಮುಗಿದ ಮೇಲೆ ಬಂದದ್ದು.

ಸಣ್ಣಮ್ಮನವರದು ಬಡಾವಣೆಗಿಂತ ಹಳೆಯ ಮನೆ. ಅವರ ಐದು ಹೇಟೆ, ಒಂದು ಹುಂಜ ಎಲ್ಲವೂ ಅವರು ಮದುವೆಯಾಗಿ ಬಂದಾಗ ತವರಿನಿಂದ ಕಂಕುಳಲ್ಲಿ ತಂದ ಹೇಟೆಯ ಸಂತತಿ. ನಮ್ಮ ನಿವಾಸಿಗಳ ಸಂಘಕ್ಕೆ ಇದೇ ದೊಡ್ಡ ಸಮಸ್ಯೆ. ಹುಂಜ ಐದು ಗಂಟೆಗೆ ಕೂಗುತ್ತದೆ. ವಾಕಿಂಗಿಗೆಂದು ಐದಕ್ಕೆ ಅಲಾರಾಂ ಇಟ್ಟವರ ನಿದ್ದೆ ಕೆಡುತ್ತದೆ. ಅಧ್ಯಕ್ಷ ಶಿವಣ್ಣ ಇದೇ ಊರಿನ ರೈತರ ಮಗ, ನಿವೃತ್ತ ಎಂಜಿನಿಯರ್. ಅವರು ಮೊಬೈಲಿನಲ್ಲಿ ತರಿಸುವ ನಾಟಿಮೊಟ್ಟೆಯ ಡಬ್ಬಿಯ ಮೇಲೆ 'ಹಳ್ಳಿಯ ಹಿತ್ತಿಲಿನಿಂದ' ಎಂದು ಅಚ್ಚಾಗಿರುತ್ತದೆ. ಹಿತ್ತಿಲು ದೂರದಲ್ಲಿರಬೇಕು, ಅಷ್ಟೇ. ಮೇ ತಿಂಗಳ ಸಭೆಯಲ್ಲಿ, ಸಣ್ಣಮ್ಮ ಜುಲೈ ಮುಗಿಯುವುದರೊಳಗೆ ಕೋಳಿಗಳನ್ನು ತೆಗೆಯಬೇಕೆಂದು ಲಿಖಿತ ನಿರ್ಣಯವಾಯಿತು.

"ನಿಮ್ಮವ್ವ ಇಲ್ಲೇ ಇಪ್ಪತ್ ಕೋಳಿ ಸಾಕಿದ್ಲಲ್ಲ ಶಿವಣ್ಣ, ಆಗ ನಿಂಗೆ ನಿದ್ದೆ ಬತ್ತಿರ್ನಿಲ್ವಾ?" ಎಂದು ಸಣ್ಣಮ್ಮ ಕೇಳಿದರು.

"ಆಗ ಇದು ಊರು ಕಣಕ್ಕ. ಈಗ ಲೇಔಟು."

ಇಂಥ ಹೊತ್ತಿನಲ್ಲಿ ನವಿಲು ಹಾರಿತು. ಮೊಟ್ಟೆಗಳ ಸುತ್ತ ಜನ ಸೇರಿದರು. ಗುಂಪಿನಲ್ಲಿದ್ದ ಪ್ರತಿಯೊಬ್ಬರ ತಾತನೂ ಶಿಕಾರಿಗೆ ಹೋದವರೆಂದು, ಹಾರುವ ಕಾಡುಕೋಳಿಯನ್ನು ಒಂದೇ ಗುಂಡಿಗೆ ಕೆಡವಿದವರೆಂದು ಆಗ ತಿಳಿಯಿತು. ಕಾಡಿನಲ್ಲಿ ಕಾಡುಕೋಳಿ ಇನ್ನೂ ಉಳಿದಿರುವುದನ್ನು ನೋಡಿದರೆ, ತಾತಂದಿರ ಗುರಿಯನ್ನು ಎರಡನೇ ಮೂಲದಿಂದ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ನಾನು ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಸಂಜೆ ಬಂದ ಅರಣ್ಯ ರಕ್ಷಕ, ಇದು ಸಂರಕ್ಷಿತ ಪಕ್ಷಿ, ಮೊಟ್ಟೆ ಮನೆಯಲ್ಲಿಡುವಂತಿಲ್ಲ ಎಂದ. ಸಣ್ಣಮ್ಮ ಮೊಟ್ಟೆಯೊಂದನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿ, "ಒಳಗಿನ್ನೂ ಮರಿ ಕಟ್ನಿಲ್ಲ, ಕಾವಿಗೆ ಕುಂತಿರ್ನಿಲ್ಲ. ತಕಂಡೋಗಿ ಸಾ. ಕಾವಿಗೆ ಯಾರ್ ಕುಂತ್ಕತೀರಿ, ನೀವಾ?" ಎಂದರು. ಆತ ನಕ್ಕು ಮೇಲಧಿಕಾರಿಯನ್ನು ಕೇಳಿದ. ಮರಿಯಾಗುವವರೆಗೆ ಕಾವಿಗೆ ಬಂದಿದ್ದ ಸಣ್ಣಮ್ಮನ ಹೇಟೆಯೇ ಕೂರಲಿ, ಆಮೇಲೆ ಮರಿಗಳು ಇಲಾಖೆಗೆ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಶಿವಣ್ಣ ಮೊಟ್ಟೆಗಳ ಜೊತೆ ಫೋಟೊ ತೆಗೆಸಿಕೊಂಡು 'ನಮ್ಮ ಬಡಾವಣೆಯ ಹೆಮ್ಮೆ' ಎಂದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿಯಾಗಿತ್ತು.

"ಮರಿ ಬಂದ್ರೆ ನಿನ್ ಕೋಳಿ ಇರ್ಲಿ ಕಣಕ್ಕ. ಬರ್ದೇ ಹೋದ್ರೆ ಹಳೇ ನಿರ್ಣಯವೇ," ಎಂದರು.

ಸಣ್ಣಮ್ಮ ಬುಟ್ಟಿಗೆ ಬೂದಿ, ಹುಲ್ಲು ಹಾಕಿದರು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಇದ್ದಿಲು, ಒಂದು ಮೊಳೆ ಇಟ್ಟರು. ಮೊಟ್ಟೆ ಎಣಿಸಿ ತಡೆದರು. "ನಾಕು ಸರಿಸಂಖ್ಯೆ ಕಣ್ ಪೇಪರ್ನೋರೆ. ಕಾವಿಗೆ ಬೆಸಾನೇ ಇಡ್ಬೇಕು," ಎಂದು ತಮ್ಮ ಕೋಳಿಯದೊಂದು ಮೊಟ್ಟೆ ಸೇರಿಸಿ ಐದು ಮಾಡಿದರು. ನಾನು ಅದನ್ನು ಶ್ರದ್ಧೆಯಿಂದ ಬರೆದುಕೊಂಡೆ. ಪ್ರಶ್ನೆ ಕೇಳಲಿಲ್ಲ.

ಅಚ್ಚಾದ ಮೇಲೆ ಕರಡು ತಿದ್ದುವುದು ನನ್ನ ಹಳೆಯ ಚಟ. ಇಪ್ಪತ್ತನೆಯ ದಿನ ಪಕ್ಷಿಗಳ ಪುಸ್ತಕವೊಂದನ್ನು ತೆಗೆದು ನೋಡಿದೆ. ಕೋಳಿಯ ಮೊಟ್ಟೆ ಒಡೆಯಲು ಇಪ್ಪತ್ತೊಂದು ದಿನ; ನವಿಲಿನದಕ್ಕೆ ಇಪ್ಪತ್ತೆಂಟು. ಓಡಿಹೋಗಿ ಹೇಳಿದೆ. ಸಣ್ಣಮ್ಮ ಹಿತ್ತಿಲ ಕಲ್ಲಿನ ಮೇಲೆ ಕೂತರು.

"ನಾಳೆ ಮರಿ ಚಿಂವ್ ಅಂದ್ರೆ ಇವ್ಳು ಅದ್ನ ಕರ್ಕಂಡು ಎದ್ದೋಯ್ತಾಳೆ. ಎದ್ದೋಳು ತಿರ್ಗಾ ಕುಂತ್ಕಳಕಿಲ್ಲ. ನವಿಲಿನವು ಸತ್ತೋಯ್ತವೆ. ನನ್ ಕೋಳೀನೂ ಓಯ್ತವೆ."

"ಆ ಒಂದು ಮೊಟ್ಟೆ ಈಗಲೇ ಎತ್ತಿ ಎಸೆದರೆ?" ಎಂದೆ.

"ಒಳಗೆ ಜೀವ ಮಿಸುಕ್ತಾ ಅದೆ. ಮೊಟ್ಟೆ ತಿನ್ನದವ್ರು ನೀವು, ಇಂಗಂತೀರಲ್ಲ!"

ಹಾಗಾದರೆ ಮರಿ ಹೊರಬಂದ ಕೂಡಲೇ ಅದನ್ನು ತಾಯಿಯ ಕಿವಿಗೆ ಬೀಳದಷ್ಟು ದೂರ ಸಾಗಿಸುವುದೊಂದೇ ದಾರಿ. ನಮ್ಮ ಮನೆ ತೀರಾ ಹತ್ತಿರ. ಬಡಾವಣೆಯ ಆ ತುದಿಯಲ್ಲಿರುವುದು ಶಿವಣ್ಣನ ಮನೆ. ಹೆಮ್ಮೆಯ ಫೋಟೊ ಹಾಕಿ ಆಗಿತ್ತಾದ್ದರಿಂದ ಅವರು ಇಲ್ಲವೆನ್ನುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಸಣ್ಣಮ್ಮ ಮರಿಯನ್ನು ಸೆರಗಿನಲ್ಲಿ ಸುತ್ತಿ ಒಯ್ದರು. ಹೇಟೆ ಕತ್ತೆತ್ತಿ ಒಮ್ಮೆ ಸುತ್ತ ನೋಡಿತು, ಕೊಕ್ಕಿನಿಂದ ಉಳಿದ ಮೊಟ್ಟೆಗಳನ್ನು ಹೊಟ್ಟೆಯಡಿ ಎಳೆದುಕೊಂಡಿತು.

ಶಿವಣ್ಣನ ಮನೆಯಲ್ಲಿ ಮರಿ ಚಪ್ಪಲಿ ಡಬ್ಬಿಯೊಳಗೆ, ಟೇಬಲ್ ಲ್ಯಾಂಪಿನ ಕೆಳಗೆ ವಾಸಕ್ಕೆ ನಿಂತಿತು. ಒಂಟಿ ಮರಿ ಎಡೆಬಿಡದೆ ಕೂಗುತ್ತದೆ. ಆ ವಾರ ಸಂಘಕ್ಕೆ ಶಬ್ದಮಾಲಿನ್ಯದ ಯಾವ ದೂರೂ ಬರಲಿಲ್ಲ. ನಾಲ್ಕನೆಯ ದಿನ ನಾನು ಹೋದಾಗ ಅಧ್ಯಕ್ಷರು ನೆಲದ ಮೇಲೆ ಕೂತು ನುಚ್ಚಕ್ಕಿ ಉದುರಿಸುತ್ತಿದ್ದರು. "ನಾನ್ ಎದ್ರೆ ಅಳ್ತದೆ ಕಣ್ರೀ," ಎಂದರು. ವಾಕಿಂಗ್ ನಿಂತಿತ್ತು.

ಇಪ್ಪತ್ತೆಂಟನೆಯ ದಿನ ನವಿಲಿನ ಎರಡು ಮೊಟ್ಟೆ ಒಡೆದವು. ಮಾರನೆಯ ದಿನ ಮೂರನೆಯದು. ನಾಲ್ಕನೆಯದು ಒಡೆಯಲಿಲ್ಲ. ಮೂರು ಮರಿಗಳನ್ನೂ ಅರಣ್ಯ ರಕ್ಷಕ ಸಹಿ ಹಾಕಿ ಪಡೆದುಕೊಂಡ. ಶಿವಣ್ಣ ಕೋಳಿಮರಿಯನ್ನು ಹಿಂದಿರುಗಿಸಿಲ್ಲ. ಮೊನ್ನೆ ಅವರೇ ಬಂದು, ಮರಿಗೆ ಜೊತೆ ಬೇಕು, ಇನ್ನೊಂದು ಕೊಡಕ್ಕ ಎಂದು ಕೇಳಿದ್ದಾರೆ. ನಿರ್ಣಯ ರದ್ದಾಗಿದೆ ಎಂಬ ಪತ್ರ ಮೊದಲು ಕೈಗೆ ಬರಲಿ ಎಂದು ಸಣ್ಣಮ್ಮ ಹೇಳಿ ಕಳಿಸಿದ್ದಾರೆ. ಪತ್ರ ಇಂದು ಬೆಳಿಗ್ಗೆ ಒಂಬತ್ತಕ್ಕೆ ತಲುಪಿದೆ.