ಎಣ್ಣೆ ಹಚ್ಚಿ ಎಳೆದ ಕಾಲು

ಮೊನ್ನೆ ಸೊಸೆ ನನ್ನ ಗಂಟುನೋವಿಗೆಂದು ಬೆಳ್ಳುಳ್ಳಿ ಹಾಕಿ ತೆಂಗಿನೆಣ್ಣೆ ಕಾಯಿಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ, ನೋವೇ ಇಲ್ಲ ಎಂದು ಸುಳ್ಳು ಹೇಳಿ ಎದ್ದುಬಿಟ್ಟೆ. ನೆನಪಾದದ್ದು ಪುಂಜಾಲಕಟ್ಟೆಯಲ್ಲಿ ನಮ್ಮ ನೆರೆಮನೆಯಲ್ಲಿದ್ದು ಬೀಡಿ ಸುರುಟುತ್ತಿದ್ದ ಬೀಡಿ ಅಕ್ಕ...

ಅವರ ಸೊಂಟಕ್ಕೆ ಮಂಗಳೂರಿನಲ್ಲಿ ಹೊಸ ಕೀಲು ಹಾಕಿದ್ದರು. ನೆಲದಲ್ಲಿ ಕೂರಬಾರದು, ಬಗ್ಗಬಾರದು ಎಂದು ಡಾಕ್ಟರರ ಕಟ್ಟಪ್ಪಣೆ. ಆದರೆ ಕುರ್ಚಿಯಲ್ಲಿ ಕೂತರೆ ಬೀಡಿ ಎಲೆಯ ಗೆರಸೆ, ಆ ಅಗಲದ ಮೊರ, ಮಡಿಲಲ್ಲಿ ನಿಲ್ಲುವುದಿಲ್ಲ. ಎರಡು ತಿಂಗಳು ಸುಮ್ಮನಿದ್ದ ಅವರ ಬೆರಳುಗಳು ಸೀರೆಯ ಸೆರಗನ್ನೇ ಸುರುಟುತ್ತಿದ್ದವು.

"ನೆಲದಲ್ಲಿ ಕೂತ್ಕೊಳ್ಳಿ ಅಕ್ಕ. ಡಾಕ್ಟ್ರು ಮಂಗಳೂರಿಂದ ಇಣುಕ್ತಾರಾ?" ಎಂದು ಕುಮ್ಮಕ್ಕು ಕೊಟ್ಟವಳು ನಾನೇ.

ಕೂತರು. ಏಳುವಾಗ ಒಳಗೆ ಟಕ್ ಎಂದಿತು. ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿತು. ನಮ್ಮಲ್ಲಿ ಉಳುಕಿದರೆ ಮೊದಲು ಎಣ್ಣೆ, ಆಮೇಲೆ ಆಸ್ಪತ್ರೆ. ಬಿಸಿ ಎಣ್ಣೆ ಹಚ್ಚಿ, ಹಿಮ್ಮಡಿ ಹಿಡಿದು ಎಳೆದೆ. ಅವರು ಕಿರುಚಿದ ಮೇಲೆಯೇ ನನಗೆ ಬುದ್ಧಿ ಬಂದದ್ದು.

ಆಸ್ಪತ್ರೆಯಲ್ಲಿ ಡಾಕ್ಟರು ಪಾದ ಮೇಲೆತ್ತಲು ಹೇಳಿದರು. ಪಾದ ಏಳಲಿಲ್ಲ.

"ನರಕ್ಕೆ ಪೆಟ್ಟಾಗಿದೆ. ಯಾರಾದ್ರೂ ಕಾಲು ಎಳೆದ್ರಾ?"

ನಾನು ಎಣ್ಣೆ ಹತ್ತಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಬೀಡಿ ಅಕ್ಕ ಕಣ್ಣು ಕೂಡ ಮಿಟುಕಿಸಲಿಲ್ಲ.

"ನಾನೇ ಡಾಕ್ಟ್ರೇ. ಬಾಗಿಲಿನ ಸಂದಿಗೆ ಕಾಲು ಸಿಕ್ಕಿಸಿ ಎಳ್ಕೊಂಡೆ."

ಬೈಗುಳವೆಲ್ಲ ಅವರಿಗೇ ಬಿತ್ತು. ಡಾಕ್ಟರು ಹೋದ ಮೇಲೆ ನಾನು ಅಳುತ್ತಾ ಕೇಳಿದೆ, "ಯಾಕಕ್ಕ ಹಾಗೆ ಹೇಳಿದ್ದು?"

"ಬೈದ್ರೆ ನನಗೆ ಓಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ, ಕೇಳ್ತೇನೆ. ನೀನು ಓಡಿಹೋದ್ರೆ ನನಗೆ ಗಂಜಿ ತರುದು ಯಾರು?"

ಅಷ್ಟು ನೋವಿನಲ್ಲಿಯೂ...

ಪ್ರಜ್ಞೆ ತಪ್ಪಿಸಿ ಕೀಲು ಕೂರಿಸಲು ನೋಡಿದರು, ಆಗಲಿಲ್ಲ. ಮತ್ತೆ ಕೊಯ್ಯಬೇಕಾಯಿತು. ನರಕ್ಕೆ ಪೆಟ್ಟಾದದ್ದು ಕೀಲು ಜಾರಿದಾಗಲೋ ಎಳೆದಾಗಲೋ, ಹೇಳಲಿಕ್ಕೆ ಬರುವುದಿಲ್ಲ ಎಂದರು ಡಾಕ್ಟರು. ನಡೆಯುವುದು ಕಷ್ಟ ಎಂದೂ ಹೇಳಿದರು. ನಾನು ದಿನಾ ಗಂಜಿ ಹೊತ್ತೆ. ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಮ್ಮ ಅಂಗಳದಲ್ಲಿ ಟಪ್, ಟಪ್ ಸದ್ದು. ಪಾದ ಜೋಲದಂತೆ ಪಟ್ಟಿ ಕಟ್ಟಿಕೊಂಡು, ಕೋಲೂರಿ, ಬೀಡಿ ಅಕ್ಕ!

"ನಿನ್ನ ಗಂಜಿಗೆ ಉಪ್ಪು ಕಡಿಮೆ. ಹೇಳುವ ಅಂತ ಬಂದೆ."

ನಾನು ಉಪ್ಪಿನ ಭರಣಿ ತರಲು ಒಳಗೆ ಓಡಿದೆ.

ಹೋದ ವರ್ಷ ಅವರು ತೀರಿಕೊಂಡರು. ಈಗ ಅಂಗಳದಲ್ಲಿ ಆ ಸದ್ದಿಲ್ಲ. ಮೊಮ್ಮಗಳು ಕಲಿಸಿಕೊಟ್ಟ ಹಾಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಇಷ್ಟು ಬರೆದದ್ದು ಒಂದೇ ಮಾತಿಗೆ.

ಡಾಕ್ಟ್ರೇ, ಎಳೆದದ್ದು ನಾನು.